ಹೆಸರಾದವರ ಮನೆ ವಿಷಯ ನಮಗೆಷ್ಟು ಬೇಕು? ಮಲೆನಾಡಿನವರೇ, ಮಾತಾಡೋಣ

ತುಂಗಾ ದಂಡೆ, ಶಿವಮೊಗ್ಗ

ಚರ್ಚೆಗೆ ಒಂದು ವಿಷಯ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಶಾಸಕರಾಗಲಿ, ಸಿನಿಮಾ ನಟಿಯಾಗಲಿ, ಮೇಳದ ಕಲಾವಿದರಾಗಲಿ, ಊರಿನ ಪಂಚಾಯ್ತಿ ಅಧ್ಯಕ್ಷೆಯಾಗಲಿ, ನಾಲ್ಕು ಜನ ಗುರುತು ಹಿಡಿಯುವ ಹಾಗಾದರೆ ಸಾಕು. ಅವರ ಗಂಡ ಹೆಂಡಿರ ಜಗಳ, ಮಗಳು ಯಾರ ಬೈಕಿನಲ್ಲಿ ಹೋದಳು ಅನ್ನೋದು, ಆಸ್ಪತ್ರೆ ಚೀಟಿ, ಎಲ್ಲ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಯಾಕೆ ಹಾಕಿದಿರಿ ಅಂತ ಕೇಳಿದರೆ, ಸಾರ್ವಜನಿಕ ಜೀವನಕ್ಕೆ ಬಂದ ಮೇಲೆ ಇದೆಲ್ಲ ಇದ್ದದ್ದೇ ಅನ್ನುತ್ತಾರೆ. ಮತ ಕೇಳಿದ್ದು ಒಬ್ಬರು. ಆದರೆ ಹೈಸ್ಕೂಲಿಗೆ ಹೋಗುವ ಅವರ ಮಗಳು ಯಾರ ಹತ್ತಿರವೂ ಏನೂ ಕೇಳಿಲ್ಲ. ಅವಳ ಫೋಟೋ ಯಾಕೆ ಬೇಕು ನಮಗೆ?

ನನ್ನ ನಿಲುವು ಹೇಳುತ್ತೇನೆ. ಅಧಿಕಾರದಲ್ಲಿ ಇರುವವರು ಆ ಅಧಿಕಾರವನ್ನಾಗಲಿ, ನಮ್ಮ ತೆರಿಗೆ ದುಡ್ಡನ್ನಾಗಲಿ ಮನೆಯ ಕೆಲಸಕ್ಕೆ ಬಳಸಿದರೆ ಅದು ನಮ್ಮ ವಿಷಯ, ಬಿಡಬಾರದು. ಯಾರಿಗಾದರೂ ಹಿಂಸೆ ಆಗಿದ್ದರೆ ಅದು ಪೊಲೀಸರ ವಿಷಯ, ಅದನ್ನೂ ಬಿಡಬಾರದು. ಇದೆರಡೂ ಇಲ್ಲದ ಕಡೆ, ಅವರು ಯಾರನ್ನು ಪ್ರೀತಿಸಿದರು, ಯಾರಿಂದ ದೂರಾದರು, ಯಾವ ಮಾತ್ರೆ ನುಂಗುತ್ತಾರೆ ಅನ್ನೋದು ಅವರಿಗೆ ಬಿಟ್ಟದ್ದು. ಕುತೂಹಲ ನನಗೂ ಇದೆ. ಆದರೆ ಕುತೂಹಲ ಇದೆ ಅಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ.

ಒಪ್ಪದವರು ದಯವಿಟ್ಟು ಬರೆಯಿರಿ. ವೈಯಕ್ತಿಕ ಬೈಗುಳ ಬೇಡ. ಇನ್ನೊಂದು ಮಾತು, ಈಗ ಬದುಕಿರುವ ಯಾರದ್ದೇ ಸಂಸಾರದ ಕಥೆಯನ್ನು ಇಲ್ಲಿ ಉದಾಹರಣೆ ಅಂತ ತರಬೇಡಿ.

ಮಂಡಿ ಮಾತು, ಸಾಗರ

ನಾನು ಒಪ್ಪುವುದಿಲ್ಲ ಮಾರಾಯ್ರೆ.

ಚುನಾವಣೆ ಬಂದಾಗ ಇವರು ಒಬ್ಬರೇ ಬರುತ್ತಾರಾ? ಹೆಂಡತಿ ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ಸೊಸೆ ಮನೆಮನೆಗೆ ಹೋಗಿ ಅಕ್ಕ, ಅತ್ತೆ ಅಂತ ಕಾಲಿಗೆ ಬೀಳುತ್ತಾಳೆ. ಮಗನ ಹುಟ್ಟುಹಬ್ಬಕ್ಕೆ ಸರ್ಕಲ್ ತುಂಬ ಫ್ಲೆಕ್ಸು. ಮಗಳ ಮದುವೆಗೆ ಇಡೀ ತಾಲ್ಲೂಕಿಗೇ ಊಟ. ಆವಾಗ ಸಂಸಾರ ಸಾರ್ವಜನಿಕ, ಒಂದು ಪ್ರಶ್ನೆ ಎದ್ದ ಕೂಡಲೇ ಖಾಸಗಿ. ಇದು ಯಾವ ನ್ಯಾಯ?

ಇನ್ನೊಂದು ನಮ್ಮ ವ್ಯವಹಾರದ ಮಾತು. ನಾವು ಅಡಿಕೆ ಮಂಡಿಯಲ್ಲಿ ಬೆಳೆಗಾರರಿಗೆ ಕೊಯ್ಲಿಗೆ ಮುಂಚೆಯೇ ದುಡ್ಡು ಕೊಡುತ್ತೇವೆ. ಎಷ್ಟೋ ಸಲ ಕಾಗದ ಪತ್ರ ಕೂಡ ಇರುವುದಿಲ್ಲ. ಮನುಷ್ಯ ಎಂಥವನು, ಮನೆ ಹೇಗೆ ನಡೆಸುತ್ತಾನೆ, ಕುಡಿತ ಉಂಟಾ, ಇಸ್ಪೀಟು ಉಂಟಾ, ಎಲ್ಲ ವಿಚಾರಿಸಿಯೇ ಕೊಡುವುದು. ಇಪ್ಪತ್ತು ಕ್ವಿಂಟಾಲ್ ರಾಶಿ ಅಡಿಕೆಯ ವ್ಯವಹಾರಕ್ಕೆ ಅಷ್ಟು ವಿಚಾರಿಸುವ ನಾವು, ಐದು ವರ್ಷ ಇಡೀ ಕ್ಷೇತ್ರ ಕೈಗೆ ಕೊಡುವಾಗ ವಿಚಾರಿಸಬಾರದಾ? ಕಟ್ಟಿಕೊಂಡವಳಿಗೆ ಮೋಸ ಮಾಡಿದವನು ಓಟು ಹಾಕಿದವರಿಗೆ ಮಾಡುವುದಿಲ್ಲ ಅಂತ ಏನು ಗ್ಯಾರಂಟಿ?

ಕರಿ ಕೋಟು, ಸಾಗರ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಇಲ್ಲಿ ಇಬ್ಬರೂ ಹೇಳಿದ್ದು ಅರ್ಧರ್ಧ ಸರಿ ಇದೆ.

ಸುಪ್ರೀಂ ಕೋರ್ಟು 1994ರಲ್ಲಿ ರಾಜಗೋಪಾಲ್ ಪ್ರಕರಣದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ತಮಿಳುನಾಡಿನ ಪತ್ರಿಕೆಯೊಂದು ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಆತ್ಮಕಥೆ ಛಾಪಿಸಲು ಹೊರಟಿತ್ತು, ಅಧಿಕಾರಿಗಳು ಅಡ್ಡ ಬಂದಿದ್ದರು. ತನ್ನ ಸಂಸಾರ, ಮದುವೆ, ತಾಯ್ತನ, ಮಕ್ಕಳು, ಓದು ಇವುಗಳ ವಿಷಯವನ್ನು ಕಾಪಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ, ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ ಅಂತ ಕೋರ್ಟು ಹೇಳಿತು. ಸಾರ್ವಜನಿಕ ದಾಖಲೆಯಲ್ಲಿ ಇರುವ ವಿಷಯಕ್ಕೆ ಈ ರಕ್ಷಣೆ ಇಲ್ಲ. ಸರ್ಕಾರಿ ಹುದ್ದೆಯಲ್ಲಿ ಇರುವವರು ಹುದ್ದೆಯ ಕೆಲಸದ ಬಗ್ಗೆ ಬಂದ ಟೀಕೆಗೆ ಇದನ್ನು ಅಡ್ಡ ಹಿಡಿಯುವಂತೆಯೂ ಇಲ್ಲ. ಮಂಡಿ ಅಣ್ಣನ ಮಾತಿಗೆ ಹತ್ತಿರದ್ದೂ ಒಂದು ಅದರಲ್ಲಿ ಇದೆ. ಯಾರಾದರೂ ತಾನಾಗಿಯೇ ವಿವಾದದೊಳಗೆ ಇಳಿದರೆ, ಬೇಕಂತಲೇ ಎಳೆದುಕೊಂಡರೆ, ಆಗ ಲೆಕ್ಕ ಬೇರೆ.

ಆಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆಧಾರ್ ವಿಷಯದಲ್ಲಿ ಹುಟ್ಟಿದ ಪ್ರಕರಣ ಅದು. ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಹಕ್ಕು ಎಲ್ಲರದ್ದು ಅಂದ ಮೇಲೆ ಮಂತ್ರಿಗೂ ಉಂಟು, ನಟಿಗೂ ಉಂಟು. ಎಷ್ಟು ಉಂಟು ಅನ್ನೋದು ಮಾತ್ರ ಆಯಾ ಸಂದರ್ಭ ನೋಡಿ ತೀರ್ಮಾನ ಆಗಬೇಕು.

ಮಂಡಿ ಅಣ್ಣನಿಗೆ ಇನ್ನೊಂದು. ವಿಚಾರಿಸಬೇಕು ಅಂದಿರಲ್ಲ, ವಿಚಾರಿಸಲು ದಾರಿ ಇದೆ. 2002ರ ಸುಪ್ರೀಂ ಕೋರ್ಟು ತೀರ್ಪಿನ ಮೇಲೆ ಅಭ್ಯರ್ಥಿಗಳೆಲ್ಲ ಪ್ರಮಾಣಪತ್ರ ಕೊಡಬೇಕು. ತನ್ನ ಆಸ್ತಿ, ಸಾಲ, ಹೆಂಡತಿ ಅಥವಾ ಗಂಡನ ಆಸ್ತಿ, ಅವಲಂಬಿತರ ಆಸ್ತಿ, ಕ್ರಿಮಿನಲ್ ಕೇಸು, ಓದು ಎಲ್ಲ ಅದರಲ್ಲಿ ಬರೆದಿರಬೇಕು. ಆದಾಯದ ಮೂಲ ಕೂಡ ಬರೆಯಬೇಕು ಅಂತ 2018ರಲ್ಲಿ ಆಯಿತು. ಕರ್ನಾಟಕದಲ್ಲಿ 1984ರ ಲೋಕಾಯುಕ್ತ ಕಾಯ್ದೆ ಪ್ರಕಾರ ಶಾಸಕರು ಪ್ರತಿ ವರ್ಷ ಆಸ್ತಿ ವಿವರ ಸಲ್ಲಿಸಬೇಕು. ಇಷ್ಟನ್ನೆಲ್ಲ ಕೂತು ಓದುವವರು ಎಷ್ಟು ಜನ? ಅಭ್ಯರ್ಥಿಯ ಪ್ರಮಾಣಪತ್ರ ಗುಂಪಿನಲ್ಲಿ ಹಾಕಿದರೆ ಯಾರೂ ತೆರೆದು ನೋಡುವುದಿಲ್ಲ. ಅವರ ಮಗಳ ಫೋಟೋ ಹಾಕಿದರೆ ಹತ್ತು ನಿಮಿಷದಲ್ಲಿ ಭದ್ರಾವತಿ ದಾಟಿ ಹೋಗಿರುತ್ತದೆ.

ಚೌಕಿಯಿಂದ, ಹೊಸನಗರ

ನಾನು ಯಕ್ಷಗಾನದ ಬಡಗುತಿಟ್ಟಿನಲ್ಲಿ ಸ್ತ್ರೀವೇಷ ಮಾಡುವವನು. ರಾಜಕಾರಣಿಯಲ್ಲ, ಆದರೂ ರಂಗದ ಮೇಲೆ ನಿಲ್ಲುವವರನ್ನೂ ಸಾರ್ವಜನಿಕ ವ್ಯಕ್ತಿ ಅನ್ನುತ್ತೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಚೌಕಿ ಅಂದರೆ ನಾವು ಬಣ್ಣ ಹಚ್ಚುವ ಜಾಗ. ಅಲ್ಲಿ ಗಣಪತಿ ಪೂಜೆ ಆಗುತ್ತದೆ, ನಮ್ಮ ಪೆಟ್ಟಿಗೆಗಳು ಇರುತ್ತವೆ, ಸುಸ್ತಾದವರು ಮೂಲೆಯಲ್ಲಿ ಚಾಪೆ ಹಾಸಿ ಮಲಗಿರುತ್ತಾರೆ. ಮೊದಲು ಹೊರಗಿನವರು ಬಂದರೆ ದೂರದಲ್ಲಿ ನಿಂತು ಕೈ ಮುಗಿದು ಹೋಗುತ್ತಿದ್ದರು. ಈಗ ನೇರ ಮೊಬೈಲ್ ಹಿಡಿದುಕೊಂಡೇ ಬರುತ್ತಾರೆ. ನನ್ನ ಮುಖಕ್ಕೆ ಬಣ್ಣ ಆಗಿರುತ್ತದೆ, ಮೈಮೇಲೆ ಬರೀ ಬನಿಯನ್ನು. ಇಲ್ಲಾ ಸೀರೆ ನೆರಿಗೆ ಹಿಡಿದು ಡಾಬು ಬಿಗಿದುಕೊಳ್ಳುವ ಹೊತ್ತು. ಅಷ್ಟರಲ್ಲಿ ರೆಕಾರ್ಡ್ ಆಗಿರುತ್ತದೆ.

ಹೋದ ತಿರುಗಾಟದಲ್ಲಿ ಒಬ್ಬರು ಅಂಥದ್ದೊಂದು ತುಣುಕಿಗೆ ಕೆಟ್ಟ ಹಾಡು ಸೇರಿಸಿ ಹಾಕಿದರು. ರಂಗದ ಮೇಲೆ ದಮಯಂತಿಯಾಗಿ ನಾನು ಕಣ್ಣೀರು ಹಾಕಿಸಿದ್ದನ್ನು ಅವರು ಹಾಕಲಿಲ್ಲ. ಬನಿಯನ್ನಿನಲ್ಲಿ ಕೂತವನನ್ನು ಹಾಕಿದರು. ನನ್ನ ಮಗಳ ಕ್ಲಾಸಿನ ಹುಡುಗರು ಅದನ್ನು ನೋಡಿ ಅವಳ ಎದುರೇ ನನ್ನ ನಡಿಗೆ ಮಾಡಿ ತೋರಿಸಿದರಂತೆ. ಅವಳು ಎರಡು ದಿನ ಶಾಲೆಗೆ ಹೋಗಲಿಲ್ಲ.

ರಂಗಸ್ಥಳದಲ್ಲಿ ನನ್ನ ಕುಣಿತ ಸರಿಯಿಲ್ಲ, ಅರ್ಥ ಸಪ್ಪೆ ಅಂತ ನೂರು ಜನರ ಎದುರು ಹೇಳಿ, ಕೇಳಿಸಿಕೊಳ್ಳುತ್ತೇನೆ. ಅದು ನಾನು ನಿಮ್ಮ ಎದುರು ಇಟ್ಟ ಕೆಲಸ. ಚೌಕಿಯಲ್ಲಿ ಇರುವುದು ನನ್ನ ಮೈ. ಅದನ್ನು ನಾನು ಯಾರ ಎದುರೂ ಇಟ್ಟಿಲ್ಲ.

ಮಾಜಿ ಮೆಂಬರ್, ತೀರ್ಥಹಳ್ಳಿ ಕಡೆ

ಚೌಕಿಯ ಅಣ್ಣ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನನ್ನದೂ ಬರೆಯುತ್ತೇನೆ.

ನಾನು ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿದ್ದೆ. ಮಹಿಳಾ ಮೀಸಲಾತಿಯಲ್ಲಿ ಬಂದವಳು. ನಮ್ಮ ರಾಜ್ಯದಲ್ಲಿ ಪಂಚಾಯ್ತಿಯ ಅರ್ಧ ಸ್ಥಾನ ಹೆಂಗಸರಿಗೆ ಅಂತ ಎಲ್ಲರಿಗೂ ಗೊತ್ತು. ಆ ಅರ್ಧ ಸ್ಥಾನದಲ್ಲಿ ಕೂತವರಿಗೆ ಎಂಥ ಪ್ರಶ್ನೆ ಬರುತ್ತದೆ ಅನ್ನೋದು ಕೂತವರಿಗೇ ಗೊತ್ತು.

ನಾನು, ನನ್ನ ಯಜಮಾನರು ಬೇರೆ ಬೇರೆ ಇದ್ದೇವೆ. ಕಾರಣ ಇಲ್ಲಿ ಬೇಡ. ಒಂದು ಗ್ರಾಮಸಭೆ, ಶಾಲೆಯ ಹಾಲಿನಲ್ಲಿ ನಡೆಯುತ್ತಿತ್ತು. ನೋಡಲ್ ಅಧಿಕಾರಿ ಬಂದಿದ್ದರು, ಪಿಡಿಒ ಇದ್ದರು, ಜನ ಜಾಸ್ತಿಯೇ ಸೇರಿದ್ದರು. ಮೇಲಿನಕೇರಿಗೆ ನೀರಿನ ಪೈಪ್ ಎಳೆಯಲು ಹಾಕಿದ ಬಿಲ್ಲು ಜಾಸ್ತಿ ಆಗಿದೆ ಅಂತ ನಾನೇ ಆಕ್ಷೇಪ ಎತ್ತಿದ್ದೆ. ಕಂಟ್ರಾಕ್ಟರ್ ಕಡೆಯವರೊಬ್ಬರು ಎದ್ದು ನಿಂತು, ಮೊದಲು ನಿಮ್ಮ ಮನೆ ಸರಿ ಮಾಡಿಕೊಳ್ಳಿ, ಆಮೇಲೆ ಊರಿನ ಪೈಪು ಸರಿ ಮಾಡುವಿರಂತೆ ಅಂದರು. ಇಡೀ ಸಭೆ ನಕ್ಕಿತು. ಆ ನಗುವಿನಲ್ಲಿ ಬಿಲ್ಲಿನ ವಿಷಯ ಮುಚ್ಚಿ ಹೋಯಿತು.

ಮಂಡಿ ಅಣ್ಣನವರೇ, ಇದನ್ನು ನೀವು ಗಮನಿಸಬೇಕು. ನನ್ನ ಸಂಸಾರದ ವಿಷಯ ಸಭೆಗೆ ಬಂದದ್ದು ಜನರಿಗೆ ಸತ್ಯ ತಿಳಿಯಲಿ ಅಂತ ಅಲ್ಲ, ಒಂದು ಲೆಕ್ಕ ತಿಳಿಯದೇ ಹೋಗಲಿ ಅಂತ. ನನಗಿಂತ ಮುಂಚೆ ಅಧ್ಯಕ್ಷರಾಗಿದ್ದವರು ಗಂಡಸರು. ಅವರ ಮನೆಯಲ್ಲೂ ರಗಳೆ ಇತ್ತು, ಊರಿಗೆಲ್ಲ ಗೊತ್ತಿತ್ತು. ಒಂದು ಸಭೆಯಲ್ಲೂ ಒಬ್ಬರೂ ಕೇಳಲಿಲ್ಲ.

ಮಂಡಿ ಮಾತು, ಸಾಗರ

ಅಕ್ಕ, ನಿಮಗೆ ಆದದ್ದು ತಪ್ಪೇ. ಅದರಲ್ಲಿ ಎರಡು ಮಾತಿಲ್ಲ. ಚೌಕಿಗೆ ನುಗ್ಗುವವರದ್ದೂ ತಪ್ಪು.

ಆದರೆ ನಾನು ಹೇಳುತ್ತಿರುವುದು ದೊಡ್ಡವರ ವಿಷಯ. ಅವರಿಗೆ ಖಾಸಗಿತನ ಅನ್ನೋದು ಗುರಾಣಿ. 2021ರ ಮಾರ್ಚ್ ನೆನಪಿದೆಯಾ? ಒಬ್ಬ ಸಚಿವರ ವಿಡಿಯೋ ಹೊರಬಂದು ಅವರು ರಾಜೀನಾಮೆ ಕೊಟ್ಟ ಕೆಲವೇ ದಿನದಲ್ಲಿ, ಬೇರೆ ಆರು ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ, ತಮ್ಮ ಮಾನಹಾನಿ ಆಗುವಂಥದ್ದು ಏನನ್ನೂ ಹಾಕಬಾರದು ಅಂತ ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರು. ಇನ್ನೂ ಏನೂ ಹೊರಗೇ ಬಂದಿರಲಿಲ್ಲ, ಆಗಲೇ ತಡೆ! ನಮ್ಮಂಥವರ ಮಗಳ ವಿಡಿಯೋ ಯಾರೋ ಹಾಕಿದರೆ ಇಷ್ಟು ಬೇಗ ತಡೆಯಾಜ್ಞೆ ಸಿಗುತ್ತದಾ?

2012ರ ಫೆಬ್ರವರಿಯಲ್ಲಿ ವಿಧಾನಸಭೆಯ ಒಳಗೇ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡಿದ ಪ್ರಕರಣದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಟಿವಿ ಕ್ಯಾಮೆರಾ ಇರದಿದ್ದರೆ ಅದು ಹೊರಗೆ ಬರುತ್ತಿತ್ತಾ?

ತುಂಗಾ ದಂಡೆ, ಶಿವಮೊಗ್ಗ

2012ರದ್ದು ಸದನದ ಒಳಗೆ, ಕಲಾಪ ನಡೆಯುತ್ತಿದ್ದಾಗ ಆದದ್ದು. ನಮ್ಮ ಕೆಲಸಕ್ಕೆ ಅಂತ ಕೂರಿಸಿದ ಜಾಗ ಅದು. ಅದನ್ನು ತೋರಿಸಿದ್ದು ನೂರಕ್ಕೆ ನೂರು ಸರಿ. ಅದನ್ನು ಖಾಸಗಿ ಅನ್ನುವವರ ಜೊತೆ ನಾನಿಲ್ಲ.

ತಡೆಯಾಜ್ಞೆಯ ವಿಷಯದಲ್ಲಿ ನಾನು ನಿಮ್ಮ ಕಡೆಯೇ ಇದ್ದೇನೆ ಅಣ್ಣ. ಖಾಸಗಿತನ ದುಡ್ಡಿದ್ದವರಿಗೆ ಮಾತ್ರ ಸಿಗುವ ಸೌಕರ್ಯ ಆಗಿಬಿಟ್ಟಿದೆ. ಅದಕ್ಕೇ ನಾನು ಅನ್ನೋದು, ಆ ರಕ್ಷಣೆ ಕೆಳಗಿನವರೆಗೂ ಬರಬೇಕು. ಮೇಲಿನವರದ್ದನ್ನು ಕಿತ್ತರೆ ಕೆಳಗಿನವರಿಗೆ ಸಿಕ್ಕಿದ ಹಾಗೆ ಆಗುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಏನಾಯಿತು ನೋಡಿ. ಲೋಕಸಭೆ ಮತದಾನಕ್ಕೆ ಮುಂಚೆ ಪೆನ್‌ಡ್ರೈವ್‌ಗಳನ್ನು ಊರೂರಿಗೆ ಹಂಚಿದರು. ಒಬ್ಬ ಸಂಸದನ ದೌರ್ಜನ್ಯ ಬಯಲಿಗೆ ಬರಲೇಬೇಕಿತ್ತು. ಅದು ಖಾಸಗಿ ವಿಷಯ ಅಲ್ಲವೇ ಅಲ್ಲ, ಅಪರಾಧ. 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು. ಆದರೆ ಆ ವಿಡಿಯೋಗಳಲ್ಲಿ ಹೆಂಗಸರ ಮುಖ ಮುಚ್ಚಿರಲಿಲ್ಲ. ಪೊಲೀಸರ ಕೈಗೋ ಮಹಿಳಾ ಆಯೋಗದ ಕೈಗೋ ಹೋಗಬೇಕಿದ್ದದ್ದು ಪೇಟೆ ಜನರ ಜೇಬಿಗೆ ಹೋಯಿತು. ಎಷ್ಟೋ ಹೆಣ್ಣುಮಕ್ಕಳು ಮನೆ ಬಿಟ್ಟು ಹೋಗುವ ಹಾಗಾಯಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಿಟ್ಟುಕೊಡುವುದೇ ಅಪರಾಧ ಅಂತ ಕಾನೂನು ಇದೆ. ಹಂಚಿದವರಿಗೂ, ಕುತೂಹಲಕ್ಕೆ ನೋಡಿ ಮುಂದೆ ಕಳಿಸಿದವರಿಗೂ ಅದು ನೆನಪಾಗಲಿಲ್ಲ.

ದೊಡ್ಡವರ ಖಾಸಗಿ ಬದುಕನ್ನು ಬಯಲಿಗೆ ಎಳೆದಾಗ ಹೊಡೆತ ಬೀಳುವುದು ಪಕ್ಕದಲ್ಲಿ ನಿಂತವರಿಗೆ. ನನ್ನನ್ನು ಕಾಡುವುದು ಇದು. ದೊಡ್ಡವರು ವಕೀಲರನ್ನು ಇಟ್ಟುಕೊಳ್ಳುತ್ತಾರೆ, ಸ್ವಲ್ಪ ದಿನ ಊರು ಬಿಡುತ್ತಾರೆ, ಮುಂದಿನ ಚುನಾವಣೆಗೆ ಮತ್ತೆ ಬರುತ್ತಾರೆ. ಪಕ್ಕದಲ್ಲಿ ಇದ್ದ ಹೆಂಗಸು ವಾಪಸು ಬರೋದಿಲ್ಲ.

ಮಂಡಿ ವ್ಯವಹಾರದ ಮಾತಿಗೂ ಉತ್ತರ ಹೇಳುತ್ತೇನೆ. ದುಡ್ಡು ಕೊಡುವಾಗ ನೀವು ಇಸ್ಪೀಟು ವಿಚಾರಿಸುತ್ತೀರಿ, ಯಾಕೆಂದರೆ ಅದು ನಿಮ್ಮ ದುಡ್ಡಿಗೆ ತಾಗುತ್ತದೆ. ಅವನ ತಂಗಿ ಯಾರನ್ನು ಮದುವೆಯಾದಳು ಅಂತ ಬರೆದು ಮಂಡಿ ಬಾಗಿಲಿಗೆ ಅಂಟಿಸುತ್ತೀರಾ? ಇಲ್ಲವಲ್ಲ.

ಹಳೇ ಮೇಷ್ಟ್ರು, ತೀರ್ಥಹಳ್ಳಿ

ನಮ್ಮ ಜಿಲ್ಲೆಯ ಹಿಂದಿನವರನ್ನು ಸ್ವಲ್ಪ ನೆನೆಯೋಣ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೇಣಿದಾರ ರೈತರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಸಾಗರ ಹೊಸನಗರ ಕ್ಷೇತ್ರದಿಂದ ಗೆದ್ದವರು. ಕೈಯಲ್ಲಿ ಕಾಸಿರಲಿಲ್ಲ. ಮತದ ಜೊತೆಗೆ ಚುನಾವಣೆ ಖರ್ಚಿಗೂ ಜನರ ಹತ್ತಿರವೇ ಕೈ ಒಡ್ಡಿದರು. ಜನರ ದುಡ್ಡಿನಲ್ಲಿ ನಿಂತವರ ಲೆಕ್ಕ ಜನರಿಗೆ ತಿಳಿದಿರಬೇಕು, ತಿಳಿದಿತ್ತು ಕೂಡ. ಆ ಕಾಲದ ಹಿರಿಯರು ಅವರ ಸದನದ ಭಾಷಣ, ಸಿಟ್ಟು, ಬಡತನ ಎಲ್ಲದರ ಬಗ್ಗೆ ಮಾತಾಡಿದ್ದು ಕೇಳಿದ್ದೇನೆ. ಅವರ ಸಂಸಾರವನ್ನು ಯಾರೂ ಬಾಯಿಗೆ ಹಾಕಿಕೊಂಡಿದ್ದು ಕೇಳಿಲ್ಲ.

ಜೆ.ಎಚ್. ಪಟೇಲರು ಇನ್ನೊಂದು ಥರ. 1967ರಲ್ಲಿ ನಮ್ಮ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು, ಆಮೇಲೆ ಮುಖ್ಯಮಂತ್ರಿಯಾದವರು. ತಮ್ಮ ಖಾಸಗಿ ಬದುಕಿನ ಬಗ್ಗೆ ಅವರು ತಾವೇ ಮುಚ್ಚುಮರೆ ಇಲ್ಲದೆ ಹೇಳಿಕೊಳ್ಳುತ್ತಿದ್ದರು. ಅದರಿಂದ ಬೇರೆಯವರಿಗೆ ಕೆದಕಲು ಏನೂ ಉಳಿಯುತ್ತಿರಲಿಲ್ಲ. ಅದು ಅವರು ಮಾಡಿದ ಆಯ್ಕೆ. ಎಲ್ಲರೂ ಹಾಗೇ ಇರಬೇಕು ಅಂತ ಒತ್ತಾಯ ಮಾಡಲು ಬರುವುದಿಲ್ಲ. ಪಟೇಲರ ಧೈರ್ಯ ನನಗೆ ಇಷ್ಟ. ಆದರೆ ಆ ಧೈರ್ಯ ಮಾಡಿ ಬದುಕಿ ಉಳಿಯುವ ಅವಕಾಶ ಗಂಡಸರಿಗೆ ಮಾತ್ರ ಇತ್ತು ಅನ್ನೋದನ್ನೂ ಹೇಳಬೇಕು. ಮೇಲೆ ಮಾಜಿ ಮೆಂಬರ್ ತಂಗಿ ಬರೆದದ್ದನ್ನು ಓದಿದರೆ ಗೊತ್ತಾಗುತ್ತದೆ.

ಕುಪ್ಪಳಿಗೆ ಹೋದರೆ ನಾವೆಲ್ಲ ಕುವೆಂಪು ಅವರ ಮನೆಯೊಳಗೆ ಓಡಾಡುತ್ತೇವೆ. ಮಹಡಿ ಹತ್ತುತ್ತೇವೆ, ಅಡುಗೆಮನೆ ನೋಡುತ್ತೇವೆ. ತಮ್ಮ ಬದುಕಿನ ಕಥೆಯನ್ನೂ ಅವರೇ ನೂರಾರು ಪುಟ ಬರೆದು ಕೊಟ್ಟಿದ್ದಾರೆ. ಅಲ್ಲಿ ಎಲ್ಲವೂ ಕೊಟ್ಟದ್ದು, ಕಸಿದದ್ದು ಒಂದೂ ಇಲ್ಲ. ಅವರು ಬದುಕಿದ್ದಾಗ ಮೈಸೂರಿನ ಮನೆಯ ಕಿಟಕಿಯಲ್ಲಿ ಯಾರಾದರೂ ಇಣುಕಿದ್ದರೆ ಅದು ಬೇರೆಯೇ ಸಂಗತಿ ಆಗುತ್ತಿತ್ತು.

ಮೊಫಸಲ್ ವರದಿಗಾರ

ಸುದ್ದಿಮನೆಯ ಕಡೆಯಿಂದ ಒಂದು.

ನಮ್ಮ ಮೇಲೆ ಒತ್ತಡ ಇರುವುದು ನಿಜ. ನಾವು ಹಾಕದಿದ್ದರೆ ಪಕ್ಕದವರು ಹಾಕುತ್ತಾರೆ ಅನ್ನೋ ಮಾತು ದಿನಾ ಕೇಳುತ್ತೇವೆ. ಯಾರಾದರೂ ಹೆಸರಾಂತರು ತೀರಿಕೊಂಡಾಗ ಅಳುತ್ತಿರುವ ಮಕ್ಕಳ ಮುಖಕ್ಕೆ ಮೈಕ್ ಹಿಡಿಯುವುದನ್ನು ನೋಡಿದ್ದೀರಿ. ಆ ಮೈಕಿನಿಂದ ಯಾವ ಓದುಗನಿಗೂ ಹೊಸ ವಿಷಯ ಸಿಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರು ಸದ್ದಿಲ್ಲದೆ ಮಾಡುತ್ತಿದ್ದ ಸಹಾಯದ ಸುದ್ದಿ ಒಂದೊಂದಾಗಿ ಹೊರಬಂತು. ಮನುಷ್ಯ ಮುಚ್ಚಿಡುವುದು ಕೆಟ್ಟದ್ದನ್ನು ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ಒಳ್ಳೆಯದನ್ನೂ ಮುಚ್ಚಿಡುವವರು ಇದ್ದಾರೆ.

ನನ್ನ ಅನುಭವದ್ದು ಇದು. ಒಂದು ಚುನಾವಣೆಗೆ ಮುಂಚೆ ಒಬ್ಬರು ಕಂದು ಕವರಿನಲ್ಲಿ ಒಂದು ಕಟ್ಟು ತಂದುಕೊಟ್ಟರು. ಅಭ್ಯರ್ಥಿಯೊಬ್ಬರ ವಿಚ್ಛೇದನದ ಅರ್ಜಿಯ ಜೆರಾಕ್ಸು. ತಂದವರು ಎದುರು ಪಕ್ಷದ ಕಡೆಯವರು ಅಂತ ಬೇರೆ ಹೇಳಬೇಕಿಲ್ಲ. ಕೂತು ಪೂರ್ತಿ ಓದಿದೆ. ಹೆಚ್ಚಿನದೆಲ್ಲ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಹೇಳಿಕೊಂಡದ್ದು, ಓದಲೇ ಸಂಕಟ ಆಗುವಂಥದ್ದು. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಇಂಥ ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆಯಬೇಕು, ಅದರ ವಿಷಯ ಛಾಪಿಸಬಾರದು. ಛಾಪಿಸಿದರೆ ದಂಡ ಬರೀ ಸಾವಿರ ರೂಪಾಯಿ ತನಕ, ಅದಕ್ಕೇ ಯಾರೂ ಕೇರ್ ಮಾಡುವುದಿಲ್ಲ.

ಆದರೆ ಒಂದು ಕಡೆ ಎರಡೇ ಸಾಲು ಇತ್ತು. ಬಗರ್ ಹುಕುಂನಲ್ಲಿ, ಅಂದರೆ ಸರ್ಕಾರಿ ಜಮೀನು ಸಾಗುವಳಿ ಮಾಡಿದವರಿಗೆ ಅದನ್ನು ಮಂಜೂರು ಮಾಡುವ ವ್ಯವಸ್ಥೆಯಲ್ಲಿ, ಹೆಂಡತಿ ಹೆಸರಿಗೆ ಎರಡು ಎಕರೆ ಮಂಜೂರು ಮಾಡಿಸಿದ್ದಾರೆ ಅಂತ. ಆಕೆ ಆ ಊರಲ್ಲಿ ಒಂದು ದಿನವೂ ಸಾಗುವಳಿ ಮಾಡಿದವರಲ್ಲ. ಕಟ್ಟನ್ನು ಅಲ್ಲೇ ವಾಪಸು ಕೊಟ್ಟೆ. ತಾಲ್ಲೂಕು ಕಚೇರಿಗೆ ಹೋಗಿ ಪಹಣಿ ತೆಗೆಸಿದೆ, ಮ್ಯುಟೇಷನ್ ನೋಡಿದೆ, ಸಾಗುವಳಿ ಚೀಟಿಯ ವಿವರ ಕೇಳಿದೆ. ಅಕ್ಕಪಕ್ಕದ ಜಮೀನಿನವರನ್ನು ಮಾತಾಡಿಸಿದೆ. ಸುದ್ದಿ ಬಂತು, ಜಮೀನಿನ ಸುದ್ದಿ ಮಾತ್ರ. ಸಂಸಾರದ ಒಂದು ಅಕ್ಷರವೂ ಬೇಕಾಗಲಿಲ್ಲ.

ಆಮೇಲೆ ಸಂಪಾದಕರು ಕೇಳಿದರು, ವಿಚ್ಛೇದನದ್ದೂ ಹಾಕಿದ್ದರೆ ಜಾಸ್ತಿ ಜನ ಓದುತ್ತಿದ್ದರಲ್ಲ ಅಂತ. ಓದುತ್ತಿದ್ದರು. ಜಮೀನಿನ ಸುದ್ದಿ ಅದರ ಅಡಿಗೆ ಸಿಕ್ಕಿ ಸಾಯುತ್ತಿತ್ತು.

ಅರ್ಜಿದಾರ, ಭದ್ರಾವತಿ

ಪಹಣಿ ಸಿಗುತ್ತದೆ ಸರ್, ಎಲ್ಲ ಕಾಗದ ಹಾಗೆ ಸಿಗುವುದಿಲ್ಲ ಈಗ. ಈ ಚರ್ಚೆಯಲ್ಲಿ ಯಾರೂ ಎತ್ತದ ವಿಷಯ ಇದು, ಅದಕ್ಕೇ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಅದರ 8(1)(ಜೆ) ಅಡಿ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬಹುದಿತ್ತು, ಆದರೆ ಸುಮ್ನೆ ಅಲ್ಲ. ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇರಬಾರದು, ಇಲ್ಲವೇ ಕಾರಣವಿಲ್ಲದೆ ಒಬ್ಬರ ಖಾಸಗಿತನಕ್ಕೆ ಕೈ ಹಾಕಿದ ಹಾಗಾಗಬೇಕು. ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಅಂತಲೂ ಅದರಲ್ಲಿ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 44(3) ಇದನ್ನೆಲ್ಲ ಅಳಿಸಿ ಹಾಕಿತು. 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಈಗ ವೈಯಕ್ತಿಕ ಮಾಹಿತಿ ಅಂದರೆ ಸಾಕು, ಕಡತ ಮುಚ್ಚಿದ ಹಾಗೆ.

ಒಂದು ಕಚೇರಿಯಲ್ಲಿ ಚರಂಡಿ ಕಾಮಗಾರಿಯ ಬಿಲ್ಲು ಯಾರಿಗೆ ಪಾವತಿ ಆಯಿತು ಅಂತ ಕೇಳಿದ್ದೆ. ಗುತ್ತಿಗೆದಾರರ ಹೆಸರು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ ಅಂತ ಉತ್ತರ ಬಂತು. ಅದೇ ಊರಿನಲ್ಲಿ ಒಬ್ಬ ಟೀಚರಮ್ಮನ ಸಂಸಾರದ ಕಥೆ ಎಲ್ಲರ ಮೊಬೈಲಿನಲ್ಲೂ ಇದೆ. ದಣಪೆ, ಅಂದರೆ ಬೇಲಿಯ ಗೇಟು, ಹಾಕಬೇಕಿದ್ದದ್ದು ಮನೆ ಅಂಗಳಕ್ಕೆ. ಹಾಕಿದ್ದು ಕಚೇರಿ ಬಾಗಿಲಿಗೆ.

ಹಾಗಾಗಿ ಖಾಸಗಿತನ ಬೇಕು ಅನ್ನುವವರು ಈ ತಿದ್ದುಪಡಿಯ ವಿರುದ್ಧವೂ ಬಾಯಿ ಬಿಡಬೇಕು. ಇಲ್ಲದಿದ್ದರೆ ಮಂಡಿ ಅಣ್ಣ ಹೇಳಿದ ಗುರಾಣಿಯ ಮಾತೇ ನಿಜ ಆಗುತ್ತದೆ.

ಕರಿ ಕೋಟು, ಸಾಗರ

ಅರ್ಜಿದಾರರೇ, ಮಾಹಿತಿ ಹಕ್ಕು ಕಾಯ್ದೆಯ 8(2) ಇನ್ನೂ ಉಳಿದಿದೆ, ಮರೆಯಬೇಡಿ. ಮುಚ್ಚಿಡುವುದರಿಂದ ಆಗುವ ಲಾಭಕ್ಕಿಂತ ಬಿಟ್ಟುಕೊಡುವುದರಿಂದ ಜನರಿಗೆ ಆಗುವ ಒಳ್ಳೆಯದು ಹೆಚ್ಚು ಅಂತಾದರೆ ಕೊಡಬಹುದು ಅನ್ನುತ್ತದೆ ಅದು. ಮೊದಲ ಮೇಲ್ಮನವಿಯಲ್ಲಿ ಆ ಸೆಕ್ಷನ್ ಹೆಸರು ಹಾಕಿ, ಯಾಕೆ ಸಾರ್ವಜನಿಕ ಹಿತ ಅಂತ ಎರಡು ಸಾಲು ಬರೆಯಿರಿ. ಗುತ್ತಿಗೆದಾರರ ಹೆಸರಿಗೆ ಇದು ಸುಲಭದ ವಾದ.

2024ರ ಏಪ್ರಿಲ್‌ನ ಇನ್ನೊಂದು ತೀರ್ಪು ಇಲ್ಲಿಗೆ ಸರಿಯಾಗಿ ಬರುತ್ತದೆ. ಅರುಣಾಚಲ ಪ್ರದೇಶದ ಶಾಸಕರೊಬ್ಬರ ಪ್ರಕರಣ. ಅಭ್ಯರ್ಥಿಗೂ ಖಾಸಗಿತನ ಇದೆ, ಮನೆಯಲ್ಲಿ ಇರುವ ಬಟ್ಟೆ, ಚಪ್ಪಲಿ, ಪಾತ್ರೆ ಎಲ್ಲದರ ಪಟ್ಟಿ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ ದುಬಾರಿ ವಾಚುಗಳ ಸಂಗ್ರಹ ಇದ್ದರೆ ಅದು ದೊಡ್ಡ ಆಸ್ತಿ, ಅವರ ಬದುಕಿನ ರೀತಿಯನ್ನೂ ತೋರಿಸುತ್ತದೆ, ಅದನ್ನು ಹೇಳಲೇಬೇಕು. ಈ ಅಳತೆ ನನಗೆ ಸರಿ ಕಾಣುತ್ತದೆ.

ಸಿಟಿ ಸೊಸೆ, ವಿನೋಬನಗರ

ಕಾಯಿಲೆಯ ವಿಷಯ ಯಾರೂ ಹೇಳಲಿಲ್ಲ. ಮಂತ್ರಿಯೊಬ್ಬರಿಗೆ ದೊಡ್ಡ ಕಾಯಿಲೆ ಇದ್ದರೆ ನಮಗೆ ತಿಳಿಯಬೇಡವಾ?

ತುಂಗಾ ದಂಡೆ, ಶಿವಮೊಗ್ಗ

ಕೆಲಸ ಮಾಡಲು ಆಗದಷ್ಟು ಹುಷಾರಿಲ್ಲ ಅಂದರೆ ಅದು ತಿಳಿಯಬೇಕು, ಖಾತೆ ಯಾರು ನೋಡುತ್ತಾರೆ ಅನ್ನೋದೂ ತಿಳಿಯಬೇಕು. ಸ್ಕ್ಯಾನಿಂಗ್ ರಿಪೋರ್ಟಿನ ಪುಟ ನಮಗೆ ಬೇಡ. ಅದನ್ನು ಕದ್ದು ಹಂಚುವ ಆಸ್ಪತ್ರೆ ಸಿಬ್ಬಂದಿ ನಾಳೆ ನಿಮ್ಮ ರಿಪೋರ್ಟನ್ನೂ ಹಂಚುತ್ತಾರೆ.

ಅರ್ಜಿದಾರರ ಮಾತು ಪೂರ್ತಿ ಒಪ್ಪುತ್ತೇನೆ. ಅದನ್ನು ನಾನು ಮೊದಲ ಬರಹದಲ್ಲೇ ಸೇರಿಸಬೇಕು ಅನ್ನುವಷ್ಟು ಮುಖ್ಯ ಅದು.

ಮಂಡಿ ಮಾತು, ಸಾಗರ

ವರದಿಗಾರರ ಬಗರ್ ಹುಕುಂ ಕಥೆ ನನ್ನ ಮನಸ್ಸಿಗೆ ನಾಟಿತು. ಹಾಗೆ ಮಾಡುವವರು ಎಲ್ಲ ಪತ್ರಿಕೆಯಲ್ಲೂ ಇದ್ದರೆ ನನಗೆ ಸಂಸಾರದ ಕಥೆ ಬೇಡ. ನನ್ನ ಸಿಟ್ಟು ಏನಂದರೆ, ಲೆಕ್ಕ ಯಾವತ್ತೂ ನಮ್ಮ ಕೈಗೆ ಸಿಗುವುದಿಲ್ಲ, ಸಿಗುವುದು ಇಂಥ ಕಥೆಗಳೇ. ಅದಕ್ಕೆ ಜನ ಅದನ್ನೇ ಹಿಡಿದುಕೊಳ್ಳುತ್ತಾರೆ.

ಆದರೆ ಮದುವೆ ಖರ್ಚಿನ ವಿಷಯ ನಾನು ಬಿಡುವುದಿಲ್ಲ. ಸಾವಿರಾರು ಜನಕ್ಕೆ ಊಟ ಹಾಕಿದ ದುಡ್ಡು ಎಲ್ಲಿಂದ ಬಂತು ಅಂತ ಕೇಳಿಯೇ ಕೇಳುತ್ತೇನೆ. ಅದು ಖಾಸಗಿ ಅಲ್ಲ.

ತುಂಗಾ ದಂಡೆ, ಶಿವಮೊಗ್ಗ

ಖಂಡಿತ ಕೇಳಿ ಅಣ್ಣ, ನಾನೂ ಜೊತೆಗೆ ಬಂದು ಕೇಳುತ್ತೇನೆ. ಮದುಮಗಳು ಯಾರು, ಯಾವ ಜಾತಿ, ಮೊದಲು ಯಾರ ಜೊತೆ ಇದ್ದಳು ಅಂತ ಮಾತ್ರ ಕೇಳುವುದು ಬೇಡ.

ಮಾಜಿ ಮೆಂಬರ್, ತೀರ್ಥಹಳ್ಳಿ ಕಡೆ

ಅರ್ಜಿದಾರರೇ, ನಮ್ಮ ಮೇಲಿನಕೇರಿ ಪೈಪಿನ ಬಿಲ್ಲು ಇನ್ನೂ ಹಾಗೇ ಇದೆ. ನಾನು ಈಗ ಮೆಂಬರ್ ಅಲ್ಲ, ಆದರೂ ಅರ್ಜಿ ಹಾಕಬಹುದಲ್ಲ? 8(2) ಹೇಗೆ ಬರೆಯಬೇಕು ಅಂತ ವಕೀಲರು ಒಂದು ಮಾದರಿ ಇಲ್ಲೇ ಹಾಕಿದರೆ ನಾಳೆಯೇ ಕೊಡುತ್ತೇನೆ.

ಕರಿ ಕೋಟು, ಸಾಗರ

ಯಾವ ನಾಗರಿಕರು ಬೇಕಾದರೂ ಹಾಕಬಹುದು ಮೇಡಂ. ಮೊದಲು ಸಾದಾ ಅರ್ಜಿ ಕೊಡಿ. ಬಿಲ್ಲಿನ ಪ್ರತಿ, ಅಳತೆ ಪುಸ್ತಕದ ಪ್ರತಿ, ಪಾವತಿ ವೋಚರ್ ಕೇಳಿ. ಮೂವತ್ತು ದಿನ ಕಾಯಿರಿ. ವೈಯಕ್ತಿಕ ಅಂತ ಉತ್ತರ ಬಂದರೆ ಮೇಲ್ಮನವಿಗೆ 8(2) ಸೇರಿಸೋಣ. ಮಾದರಿ ಇವತ್ತು ರಾತ್ರಿ ಟೈಪ್ ಮಾಡಿ ಇಲ್ಲೇ ಹಾಕುತ್ತೇನೆ.